ಅತ್ತೆಯ ಹಿಂಬಾಲಕರು

ಬೈಲಹೊಂಗಲದ ಹೈಸ್ಕೂಲಿನಲ್ಲಿ ದಿನವಿಡೀ ಕನ್ನಡ ಪಾಠ ಹೇಳಿ, ಬಸ್ಸಿನಲ್ಲಿ ನಿಂತುಕೊಂಡೇ ನೇಸರಗಿಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿರುವುದಿಲ್ಲ, ಒಳಗಿನಿಂದ ಅತ್ತೆಯ ದನಿ ಬರುತ್ತದೆ: "ಬಂದಿ ಏನವಾ? ಬೆಳಕ ಹೋಗಾಕ ಹತ್ತೈತಿ, ಲಗೂನ ಬಾ." ಚಹಾ ಆಮೇಲೆ. ಮೊದಲು ನಾನು ಮೊಬೈಲು ಹಿಡಿದು ಅವರ ಮುಂದೆ ನಿಲ್ಲಬೇಕು.

ಇದನ್ನು ಹಚ್ಚಿಕೊಟ್ಟವಳು ನನ್ನ ನಾದಿನಿ. ತವರಿಗೆ ಬಂದವಳು, ಅವ್ವ ರೊಟ್ಟಿ ಬಡಿಯುವುದನ್ನು ತಮಾಷೆಗೆಂದು ವಿಡಿಯೋ ಹಿಡಿದು ಇಂಟರ್ನೆಟ್ಟಿಗೆ ಹಾಕಿದಳು. ಅರವತ್ತು ದಾಟಿದ ಅತ್ತೆ ರೊಟ್ಟಿ ಬಡಿಯುತ್ತಲೇ ಹೊಸ ಸೊಸೆಯಂದಿರ ರೊಟ್ಟಿ ಎಷ್ಟು ದಪ್ಪ ಎಂದು ಆಡಿಕೊಂಡಿದ್ದರು. ಊರೂರ ಮಂದಿ ಅದನ್ನು ನೋಡಿ ನಕ್ಕರು. ನಾದಿನಿ ಗಂಡನ ಮನೆಗೆ ಹೋದಳು, ಕೆಲಸ ನನಗೆ ಅಂಟಿತು.

ಅಷ್ಟಕ್ಕೇ ನಿಂತಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ. ಆದರೆ ಅತ್ತೆ ಬೇರೆಯವರ ವಿಡಿಯೋ ನೋಡಿ ನೋಡಿ ಅವರ ಹಾಗೆಯೇ ಆಗತೊಡಗಿದರು. ತಲೆಯ ಮೇಲಿನ ಸೆರಗು ಹೆಗಲಿಗೆ ಇಳಿಯಿತು. ಒಲೆಯ ಹಿಂದಿನ ಗೋಡೆಗೆ ಪ್ಲಾಸ್ಟಿಕ್ ಬಳ್ಳಿ ಬಂತು. ಅಂಥದೇ ಬಳ್ಳಿ ಎಲ್ಲರ ವಿಡಿಯೋದಲ್ಲೂ ಇರುತ್ತದೆ. ಮೊಬೈಲಿನ ಮುಂದೆ ಅವರ ಬಾಯಿಂದ ಬರುವ ಮಾತು ಕೇಳಿದರಂತೂ ಮೈ ಉರಿಯುತ್ತಿತ್ತು: "ನೋಡಿ ಸ್ನೇಹಿತರೇ, ಹಿಟ್ಟನ್ನು ಈ ರೀತಿಯಾಗಿ ಮಿಕ್ಸ್ ಮಾಡ್ಕೊಳ್ತಾ ಇದ್ದೀನಿ."

"ಅತ್ತಿ, ನಮ್ಮ ಮಾತಿನ್ಯಾಗ ಹೇಳ್ರಿ. ಮಂದಿ ಅದನ್ನ ಕೇಳಿ ಮೆಚ್ಚಿದ್ದು," ಎಂದೆ.

"ನೀ ಸಾಲ್ಯಾಗ ಹುಡುಗರಿಗೆ ಪುಸ್ತಕದ ಕನ್ನಡಾ ಹೇಳತಿ ಹೌದಲ್ಲ? ನನಗಷ್ಟ ಯಾಕ ಬ್ಯಾಡ?"

ನನಗೆ ಸಿಟ್ಟು ಬಂತು. ಆ ಸಿಟ್ಟು ಇಳಿಯುವ ಮೊದಲೇ ನನ್ನ ತರಗತಿಯ ಹುಡುಗಿಯೊಬ್ಬಳು ಮಳೆಗಾಲದ ಮೇಲಿನ ಪ್ರಬಂಧವನ್ನು "ನೋಡಿ ಸ್ನೇಹಿತರೇ" ಎಂದು ಶುರು ಮಾಡಿದಳು. ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. "ಯಾಕ್ರಿ ಟೀಚರ್? ನಿಮ್ಮ ಅತ್ತಿಯವರೂ ಹಂಗ ಅಂತಾರಲ್ರಿ," ಎಂದಳು. ಇಡೀ ತರಗತಿ ನಕ್ಕಿತು.

ಅದಾದ ಮೇಲೆ ರಾಮದುರ್ಗದ ಸೀರೆ ಅಂಗಡಿಯವನೊಬ್ಬ ಮನೆಗೇ ಬಂದ. ದಾಳಿಂಬೆ ಬಣ್ಣದ ಸೀರೆ ತಂದಿದ್ದ. ಅಂಚು, ಸೆರಗು ಎಲ್ಲ ಇಳಕಲ್ ಸೀರೆಯ ಹಾಗೆ. ಅದನ್ನು ಉಟ್ಟುಕೊಂಡು ವಿಡಿಯೋದಲ್ಲಿ ನಾಲ್ಕು ಒಳ್ಳೆಯ ಮಾತಾಡಿದರೆ ಸೀರೆ ಅತ್ತೆಯದೇ. ಮುಟ್ಟಿ ನೋಡಿದೆ, ಪಾಲಿಸ್ಟರಿನ ಹಾಗೆ ಕೈಗೆ ಜಾರಿತು.

"ಮೊದಲ ಒಗದ ನೋಡ್ರಿ ಅತ್ತಿ."

"ಹೊಸಾ ಸೀರಿ ಯಾರರ ಒಗೀತಾರೇನ? ಕೈಮಗ್ಗದ್ದ ಅಂತ ಹೇಳ್ಯಾನ ಅಂವಾ."

ಅತ್ತೆಯ ಹಿಂದೆ ನೀರು ಕಾಣಬೇಕೆಂದು ನನ್ನ ಒಂದು ಭಾನುವಾರ ನವಿಲುತೀರ್ಥದ ಅಣೆಕಟ್ಟಿಗೆ ಹೋಯಿತು. ಗಾಳಿಗೆ ಸೆರಗು ಹಾರುತ್ತಿತ್ತು. ಅತ್ತೆ "ಸ್ನೇಹಿತರೇ, ಅಪ್ಪಟ ಕೈಮಗ್ಗ" ಎಂದು ನಗುತ್ತ ನಿಂತಿದ್ದರು. ನಾನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮೊಬೈಲು ಹಿಡಿದಿದ್ದೆ.

ಬೇಸಿಗೆಯಲ್ಲಿ ಸವದತ್ತಿಯ ಬೀಗರ ಮನೆಯಲ್ಲಿ ಬಸುರಿಯೊಬ್ಬಳ ಕುಬಸಕ್ಕೆ ಹೋದೆವು. ಪೆಂಡಾಲಿನೊಳಗೆ ಕಾಲಿಟ್ಟರೆ ಎಲ್ಲಿ ನೋಡಿದರೂ ದಾಳಿಂಬೆ ಬಣ್ಣ. ತಾವೂ ಅದನ್ನೇ ಉಟ್ಟು ಬಂದಿದ್ದ ಅತ್ತೆ ನನ್ನನ್ನು ಮೊಣಕೈಯಿಂದ ತಿವಿದು, "ನೋಡಿದಿ?" ಎಂದರು. ಮದುವಣಗಿತ್ತಿಯ ಗತ್ತಿನಿಂದ ಮುಂದೆ ಹೋಗಿ ಕುಂತರು.

ಮೇಲೆ ತಗಡು, ಒಳಗೆ ಧಗೆ. ಆರತಿ ಮುಗಿಯುವ ಹೊತ್ತಿಗೆ ಹೆಂಗಸರ ಸೊಂಟ, ಕುತ್ತಿಗೆ ಕೆಂಪಾಗಿದ್ದವು. ಒಬ್ಬಳ ಕಂಕುಳಲ್ಲಿದ್ದ ಕೂಸಿನ ಬಿಳಿ ಅಂಗಿಯೂ ಕೆಂಪು. ಅದರ ತಾಯಿ ನೇರ ಅತ್ತೆಯ ಮುಂದೆ ಬಂದು ನಿಂತಳು.

"ಅಕ್ಕಾರ, ನಿಮ್ಮ ಮಾತ ಕೇಳಿ ತಗೊಂಡೇನ್ರಿ. ನೋಡ್ರಿಲ್ಲೆ ನನ್ನ ಕೂಸಿನ ಅವತಾರ!"

ಅತ್ತೆ ಬೆವರಿನಲ್ಲಿ ತಮ್ಮದೇ ಸೊಂಟ ಮುಟ್ಟಿ ನೋಡಿಕೊಂಡರು. ಬೆರಳಿಗೂ ಬಣ್ಣ ಹತ್ತಿತು. ಹೋಳಿಗೆ ಉಣ್ಣಲಿಲ್ಲ. ಮನೆಗೆ ಬಂದವರೇ ಮಾಸಿದ ನಿತ್ಯದ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಹಿತ್ತಲಲ್ಲಿ ಬಕೀಟು ಇಟ್ಟರು.

"ತಗಿ ಮೊಬೈಲ."

ದಾಳಿಂಬೆ ಸೀರೆಯನ್ನು ನೀರಿನಲ್ಲಿ ಅದ್ದಿದರು. ಬಕೀಟು ಕೆಂಪಾಯಿತು.

"ನೋಡ್ರೆವಾ, ನಾ ಒಗದ ನೋಡಲಾರದ ನಿಮಗ ಹೇಳಿದೆ. ಇದು ಕೈಮಗ್ಗದ್ದೂ ಅಲ್ಲ, ಕಾಲಮಗ್ಗದ್ದೂ ಅಲ್ಲ. ತಗೊಂಡವರು ಹೊಳ್ಳಿ ಒಯ್ದು ಅಂಗಡಿಯವನ ಮುಂದ ಒಗದ ಬರ್ರಿ. ನನಗೂ ನಾಕ ಬೈರಿ. ಇನ್ನ ಮ್ಯಾಲೆ ನಾ ಅಲ್ಲ, ಯಾರ ಹೇಳಿದ್ರೂ ಕಣ್ಣ ಮುಚ್ಚಿ ತಗೋಬ್ಯಾಡ್ರಿ."

ಆ ಹೊತ್ತು ಮೊಬೈಲು ಹಿಡಿದ ಕೈಗೆ ನೋವೇ ಗೊತ್ತಾಗಲಿಲ್ಲ. ಇಷ್ಟು ದಿನದ ಮೇಲೆ ಒಂದು ಮಾತು ಮಾತಾಗಿ ಬಂತು ಎನಿಸಿತು. ಅಂಗಡಿಯವನು ಕೆಲವರ ಸೀರೆ ಮರಳಿ ತೆಗೆದುಕೊಂಡ ಸುದ್ದಿಯೂ ಬಂತು. ಅತ್ತೆ ಹಿಂದೆ ಮಾಡಿದ ಯಾವ ವಿಡಿಯೋವನ್ನೂ ಇದರಷ್ಟು ಮಂದಿ ನೋಡಿರಲಿಲ್ಲ. ಕನ್ನಡಕ ಸಿಗದೆ ಅತ್ತೆ, "ಏನ ಬರದಾರ ಓದವಾ," ಎಂದರು. ಹುಮ್ಮಸ್ಸಿನಿಂದ ಓದತೊಡಗಿದೆ.

"ಅಕ್ಕಾರ, ಆ ಮಾಸಲು ಸೀರಿ ಭಾರಿ ಚಂದ ಕಾಣತೈತ್ರಿ. ಎಲ್ಲಿ ಸಿಗತೈತಿ?"

ಕೆಳಗೆ ಇನ್ನೊಬ್ಬಳು ಅದನ್ನೇ ಕೇಳಿದ್ದಳು. ಅವಳ ಕೆಳಗಿನವಳೂ ಅದನ್ನೇ. ಬಕೀಟಿನ ನೀರಿನ ಬಗ್ಗೆ ಒಂದಿಬ್ಬರು ಬರೆದಿದ್ದರೇ ಹೊರತು ಉಳಿದವರಿಗೆಲ್ಲ ಬೇಕಾದದ್ದು ಆ ಸೀರೆ. "ಹಳೇ ಸೀರಿ ಅದು, ಯಾರ ಎಲ್ಲಿ ತಂದಿದ್ರೊ! ಇವರಿಗೇನ ಹುಚ್ಚ ಹಿಡದೈತಿ?" ಎಂದು ಅತ್ತೆ ರೇಗಿದರು. ಆದರೂ ಮರುದಿನ ಅದನ್ನೇ ಇಸ್ತ್ರಿ ಮಾಡಿ ಉಟ್ಟರು.

ಮೊನ್ನೆ ಸ್ಟಾಫ್ ರೂಮಿಗೆ ಗಣಿತದ ಟೀಚರು ಹೊಸ ಸೀರೆ ಉಟ್ಟು ಬಂದರು. ಕಿತ್ತೂರಿನವರು, ಲೆಕ್ಕದಲ್ಲಿ ಒಂದು ದಶಾಂಶ ಬಿಟ್ಟುಕೊಡದ ಹೆಂಗಸು. ವರ್ಷಗಟ್ಟಲೆ ಒಗೆದು ಒಣಗಿಸಿದಂಥ ಮಾಸಲು ಬಣ್ಣ.

"ನಿಮ್ಮ ಅತ್ತಿಯವರ ಸೀರಿ ಹಂಗ ಐತಿ, ಹೌದಲ್ರಿ?" ಎಂದರು. "ಇದರಾಗ ಒಂದ ಚಲೋ. ಬಣ್ಣ ಬಿಡತೈತಿ ಅನ್ನೂ ಚಿಂತಿ ಇಲ್ಲ."

ಅತ್ತೆ ಅಂದು ಹೇಳಿದ್ದೇನು ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಿ ಏನು ಮಾಡಲಿ? "ಚಲೋ ಕಾಣತೈತ್ರಿ," ಎಂದೆ. ಚೆನ್ನಾಗಿಯೂ ಕಾಣುತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.