ಗಲ್ತಿಯನ್ನು ಗಟ್ಟಿಯಾಗಿ ಓದಿಸಿದ ಮೋನಮ್ಮ

ಮೋನಮ್ಮ ತಂದೆ ತಾಯಪ್ಪ ಹೊಸಮನಿ, ವಯಸ್ಸು ಮೂವತ್ತೆಂಟು, ಹುಟ್ಟೂರು ಶಹಾಪುರ ತಾಲ್ಲೂಕಿನ ಗೋಗಿ. ತಂದೆ ತಾಯಪ್ಪ ಕಾಲುವೆ ತೋಡಿದವರಲ್ಲಿ ಒಬ್ಬ. ಅವನು ಅಗೆದ ಮಣ್ಣನ್ನು ಬುಟ್ಟಿಯಲ್ಲಿ ದಂಡೆಗೆ ಹೊತ್ತವಳು ತಾಯಿ ಅಂಬವ್ವ. ತಮ್ಮ ಅಂಬ್ರಪ್ಪ ಗೋಗಿಯಿಂದ ಶಹಾಪುರಕ್ಕೆ ಆಟೋ ಓಡಿಸುತ್ತಾನೆ. ಮೋನಮ್ಮನಿಗೆ ಮದುವೆಯಾಗಿಲ್ಲ. ಕೇಳಿಕೊಂಡು ಬಂದವರಿರಲಿಲ್ಲವೆಂದಲ್ಲ. ಬಂದವರೆಲ್ಲರೂ "ಹುಡುಗಿ ನೌಕರಿ ಬಿಡ್ತಾಳೇನು?" ಎಂದು ಮೊದಲು ಕೇಳಿದರು, ಅವಳು ಅವರನ್ನೇ ಬಿಟ್ಟಳು.

ಕಾಲುವೆಗೆ ನೀರು ಹರಿದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಮೋನಮ್ಮ ಹಗಲು ನಾಟಿ ಹಚ್ಚಿ, ಸಂಜೆ ಶಾಲೆಯಲ್ಲಿ ಅಕ್ಷರ ಕಲಿತಳು. ತನಗಿಂತ ಚಿಕ್ಕವರ ನಡುವೆ ಕುಳಿತು ಹತ್ತನೆಯ ತರಗತಿ ಪಾಸಾದಳು. ಆಮೇಲೆ ಶಹಾಪುರದಲ್ಲಿ ಕಂಪ್ಯೂಟರ್ ಕಲಿತಳು. ತಡವಾಗಿ ಕಲಿತವರಿಗೆ ಕಲಿಕೆಯಲ್ಲಿ ನಾಚಿಕೆಪಡಲು ಪುರುಸೊತ್ತಿರುವುದಿಲ್ಲ. ಮೋನಮ್ಮನ ಬಾಳನ್ನು ಅರಿಯಬೇಕಾದವರು ಈ ಮಾತನ್ನು ಮೊದಲು ಅರಿಯಬೇಕು.

ಕೆಂಭಾವಿಯ ಬಸ್ ನಿಲ್ದಾಣದ ಎದುರು, ರಸಗೊಬ್ಬರದ ಅಂಗಡಿಯ ಮಹಡಿಯಲ್ಲಿ, ಅಯ್ಯಣ್ಣ ಎಂಬುವರ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಹಗಲಿನ ತರಗತಿಗಳಿಗೆ ಬೇರೆ ಮಾಸ್ತರರಿದ್ದರು. ಸಂಜೆಯದು ಮೋನಮ್ಮನದು; ಅದನ್ನು ಅಯ್ಯಣ್ಣನವರೊಂದಿಗೆ ವಾದಿಸಿ, ದುಡಿಯುವ ಹೆಂಗಸರಿಗೆಂದೇ ಅವಳು ಕಟ್ಟಿದ್ದಳು. ಭಾಗಮ್ಮ ಗದ್ದೆಯಿಂದ ನೇರ ಬಂದು, ಕೆಳಗಿನ ನಲ್ಲಿಯಲ್ಲಿ ಕಾಲು ತೊಳೆದು ಮೇಲೆ ಹತ್ತುತ್ತಿದ್ದಳು. ರಾಬಿಯಾ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಬರುತ್ತಿದ್ದಳು. ಅವರಂಥವರೇ ಇನ್ನೂ ಕೆಲವರು. ಅವರಿಗೆ ಮೋನಮ್ಮ ಕಲಿಸುತ್ತಿದ್ದುದು ಪಿಎಚ್‌ಪಿ: ವೆಬ್ ಪುಟದ ಹಿಂದೆ ಕುಳಿತು, ಕೇಳಿದವರಿಗೆ ಕೇಳಿದ ಮಾಹಿತಿ ತೆಗೆದುಕೊಡುವ ಕಂಪ್ಯೂಟರ್ ಭಾಷೆ.

ಮೊದಮೊದಲು ತರಗತಿಯಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಪ್ರೋಗ್ರಾಮು ಕೆಟ್ಟು ಪರದೆಯ ಮೇಲೆ ಎರರ್ ಮೂಡಿದೊಡನೆ ಹೆಂಗಸರು ಆ ಕಿಟಕಿಯನ್ನೇ ಮುಚ್ಚಿ, ಎಲ್ಲವನ್ನೂ ಅಳಿಸಿ, ಮೊದಲಿನಿಂದ ಬರೆಯುತ್ತಿದ್ದರು. ಒಮ್ಮೆ ಅಯ್ಯಣ್ಣನವರು ಒಳಗೆ ಬಂದಾಗ ಭಾಗಮ್ಮ ಕಂಪ್ಯೂಟರಿನ ಮುಖಕ್ಕೆ ಸೆರಗು ಎಳೆದುಬಿಟ್ಟಳು. ಹಿರಿಯರ ಮುಂದೆ ತನ್ನ ತಲೆಯ ಮೇಲೆ ಎಳೆದುಕೊಂಡು ರೂಢಿಯಾಗಿದ್ದ ಕೈ ಅದು.

"ಏನದು ಭಾಗಮ್ಮ? ಕಂಪ್ಯೂಟರಿಗೆ ಮದುವಿ ಮಾಡಾಕತ್ತಿ ಏನು?" ಎಂದಳು ಮೋನಮ್ಮ.

"ಬೈಯಾಕತ್ತದರಿ ಅಕ್ಕೋರ. ಇಂಗ್ಲೀಷಿನ್ಯಾಗ."

"ಅದು ಬೈಗುಳ ಅಲ್ಲ, ವಿಳಾಸ. ಯಾವ ಫೈಲು, ಯಾವ ಸಾಲು ಅಂತ ಹೇಳಾಕತ್ತದ. ಸೆರಗು ತಗಿ. ಎದ್ದು ನಿಂತು ಗಟ್ಟಿಯಾಗಿ ಓದು."

ಅಂದಿನಿಂದ ಅದೇ ಕಟ್ಟಳೆಯಾಯಿತು. ಎರರ್ ಬಂದರೆ ಕಿಟಕಿ ಮುಚ್ಚುವಂತಿಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಓದಬೇಕು. ಹತ್ತು ಎರರ್ ಬಂದರೂ ಮೊದಲನೆಯದನ್ನಷ್ಟೇ ಹಿಡಿಯಬೇಕು. "ಉಳಿದವು ಅದರ ಮಕ್ಕಳು, ತಾಯಿ ಎದ್ದರ ಅವೂ ಹಿಂದ ಎದ್ದು ಹೋಗ್ತಾವ" ಎನ್ನುತ್ತಿದ್ದಳು. ಎರರೂ ಬಾರದೆ, ಉತ್ತರವೂ ಬಾರದೆ ಹೋದರೆ, ಕಾಲುವೆಯ ನೀರು ನಿಂತಾಗ ರೈತರು ಮಾಡುವುದನ್ನೇ ಮಾಡಿಸುತ್ತಿದ್ದಳು: ಮೇಲಿನ ತೂಬಿನಿಂದ ಕೆಳಗೆ ನಡೆಯುತ್ತ, ಎಲ್ಲಿಯವರೆಗೆ ನೀರು ಬಂದಿದೆಯೆಂದು ನೋಡುವುದು. ಅದರಂತೆ ಪ್ರೋಗ್ರಾಮಿನಲ್ಲಿ ಅಲ್ಲಲ್ಲಿ "ಇಲ್ಲಿಗೆ ಬಂತು" ಎಂದು ಮುದ್ರಿಸುವ ಸಾಲು ಸೇರಿಸಿ, ಕೊನೆಯ "ಇಲ್ಲಿಗೆ ಬಂತು" ಎಲ್ಲಿ ಕಾಣುವುದೋ ಅದರ ಮುಂದೆಯೇ ಅಗೆಯಬೇಕು. ಒಮ್ಮೆ ರಾಬಿಯಾ ಮಾಡಿದ ಪುಟ ಯಾವ ಪಾಸ್‌ವರ್ಡ್ ಕೊಟ್ಟರೂ ಎಲ್ಲರನ್ನೂ ಒಳಗೆ ಬಿಡುತ್ತಿತ್ತು. "ಒಂದು ಸಮಚಿಹ್ನೆ ಹಾಕಿದ್ರ ಅದು ಬೆಲೆ ತುಂಬ್ತಾದ, ಎರಡು ಹಾಕಿದ್ರ ಹೋಲಿಸಿ ನೋಡ್ತಾದ. ನೀ ಒಂದೇ ಹಾಕೀದಿ. ಕಾವಲುಗಾರನಿಗೆ ವಿಚಾರಿಸು ಅಂದಿಲ್ಲ, ಕೀಲಿಕೈ ಕೊಟ್ಟು ಕಳಿಸೀದಿ" ಎಂದಾಗ ರಾಬಿಯಾಳೇ ಎಲ್ಲರಿಗಿಂತ ಮೊದಲು ನಕ್ಕಳು.

ಅಯ್ಯಣ್ಣನವರಿಗೆ ಇದು ಸೇರಲಿಲ್ಲ.

"ಮೋನಮ್ಮೋರೆ, ದಿನಾ ಸಂಜಿಗೆ ಎರರ್ ಎರರ್ ಅಂತ ಒದರಸ್ತೀರಿ. ಕೆಳಗ ಬಸ್ಸಿಗೆ ನಿಂತ ಮಂದಿ ಏನಂತಾರ? ಇಲ್ಲಿ ಬರೀ ಗಲ್ತಿ ಕಲಸ್ತಾರ ಅಂತಾರ."

"ಗಲ್ತಿ ಹುಡುಕೂದು ಕಲಸ್ತೀನ್ರಿ. ಬ್ಯಾರೆ ಕಡೆ ಅದನ್ನೂ ಕಲ್ಸೂದಿಲ್ಲ."

ಅವರು ನಗಲಿಲ್ಲ. ಕೆಲವು ದಿನಗಳ ಬಳಿಕ ಒಂದು ಮಾತು ಹೇಳಿದರು. ಹತ್ತಿರದ ಊರಿನ ನೀರು ಬಳಕೆದಾರರ ಸಂಘಕ್ಕೆ, ರೈತರ ಹೆಸರು ಕೊಟ್ಟರೆ ಅವರ ನೀರಿನ ಪಾಳಿ ತೋರಿಸುವ ಪುಟವೊಂದು ಬೇಕಾಗಿತ್ತು. ಅದನ್ನು ಸಂಜೆಯ ಹೆಂಗಸರೇ ಮಾಡಲಿ. ಸಭೆಯಲ್ಲಿ ಒಪ್ಪಿಗೆಯಾದರೆ ಸಂಜೆಯ ತರಗತಿ ಉಳಿಯುತ್ತದೆ, ಮಾನ ಹೋದರೆ ಆ ಹೊತ್ತಿಗೆ ಜಾಗ ಬೇರೆಯವರಿಗೆ. ಮೋನಮ್ಮ ಒಪ್ಪಿದಳು.

ಸಭೆಯ ದಿನ ಸಂಘದ ಕಚೇರಿ ತುಂಬಿತ್ತು. ಪ್ರೊಜೆಕ್ಟರಿನ ಬೆಳಕು ಗೋಡೆಯ ಮೇಲೆ ಬಿತ್ತು. ಕೇಂದ್ರದಲ್ಲಿ ಚೆನ್ನಾಗಿ ಓಡಿದ್ದ ಪುಟ ಇಲ್ಲಿ ತೆರೆದಾಗ, ಸುಣ್ಣ ಬಳಿದಂತೆ ಬರೀ ಬಿಳುಪು. ಅಕ್ಷರವಿಲ್ಲ, ಎರರೂ ಇಲ್ಲ. ಸಂಘದ ಕಂಪ್ಯೂಟರಿನಲ್ಲಿ ಎರರ್ ಕಾಣದಂತೆ ಮೊದಲೇ ಬಂದು ಮರೆಮಾಡಿಸಿದವರು ಅಯ್ಯಣ್ಣನವರೇ. ಜನರ ಬಳಕೆಗೆ ಒಪ್ಪಿಸಿದ ಪುಟದಲ್ಲಿ ಎರರನ್ನು ಮರೆಮಾಡಬೇಕೆಂಬುದು ಮೋನಮ್ಮನಿಗೂ ಗೊತ್ತಿತ್ತು. ಆದರೆ ಹುಡುಕಬೇಕಾದವರೇ ಕಣ್ಣು ಕಟ್ಟಿಕೊಂಡರೆ ಹುಡುಕುವುದು ಹೇಗೆ?

"ವೋಲ್ಟೇಜ್ ಕಡಿಮಿ ಅದರಿ," ಎಂದರು ಅಯ್ಯಣ್ಣ ಸಭೆಗೆ. ಆಮೇಲೆ ಅವಳ ಕಿವಿಯ ಬಳಿ ಬಾಗಿದರು. "ನಿನ್ನೆ ತಗದ ಪುಟದ ಫೋಟೋ ನಿಮ್ಮ ಹತ್ರ ಅದಲ್ಲ, ಅದನ್ನೇ ತೋರಸ್ರಿ. ಯಾರಿಗೂ ಗೊತ್ತಾಗೂದಿಲ್ಲ."

ಅವಳು ಹೆಂಗಸರ ಕಡೆಗೆ ನೋಡಿದಳು. ಅವರ ಸಂಜೆಗಳೆಲ್ಲವೂ ಒಂದು ಚಿಕ್ಕ ಸುಳ್ಳಿನ ಆಚೆಗೆ ಭದ್ರವಾಗಿದ್ದವು. ಆ ಸುಳ್ಳನ್ನು ಹೇಳಿದರೆ ನಾಳೆಯಿಂದ ಯಾವ ಮುಖದಿಂದ ಅವರಿಗೆ "ಎದ್ದು ನಿಂತು ಓದು" ಎನ್ನುವುದು?

"ವೋಲ್ಟೇಜ್ ಛಲೋ ಅದರಿ," ಎಂದಳು, ಗಟ್ಟಿಯಾಗಿ. "ಗಲ್ತಿ ನಮ್ದು. ಯಾವುದಂತ ಈಗ ನಿಮ್ಮೆದುರಿಗೇ ನೋಡ್ತೀವಿ."

ಫೈಲಿನ ತಲೆಯಲ್ಲಿ ಎರರ್ ತೋರಿಸುವ ಸಾಲುಗಳನ್ನು ಸೇರಿಸಿ ಪುಟವನ್ನು ಮತ್ತೆ ತೆರೆದಳು. ಗೋಡೆಯ ತುಂಬ ಎರರ್ ಮೂಡಿತು. "ರಾಬಿಯಾ, ಎದ್ದೇಳು."

ರಾಬಿಯಾ ಎದ್ದಳು. ಗಂಡಸರೇ ತುಂಬಿದ ಸಭೆಯಲ್ಲಿ ಆಕೆ ಹಿಂದೆಂದೂ ಮಾತಾಡಿರಲಿಲ್ಲ. ಮೊದಲ ಎರರನ್ನು ಓದಿದಳು: ಆ ಹೆಸರಿನ ಡೇಟಾಬೇಸ್, ಅಂದರೆ ಹೆಸರು ಪಾಳಿಗಳನ್ನು ತುಂಬಿಟ್ಟ ಕಣಜ, ಈ ಕಂಪ್ಯೂಟರಿನಲ್ಲಿ ಇಲ್ಲ. ಓದುತ್ತಿದ್ದಂತೆ ಅವಳಿಗೇ ಹೊಳೆಯಿತು.

"ಅಕ್ಕೋರ, ನಾನೇ ಬಿಟ್ಟು ಬಂದೀನಿ. ಪುಟದ ಫೋಲ್ಡರ್ ಒಂದೇ ಪೆನ್ ಡ್ರೈವಿಗೆ ಹಾಕ್ಕೊಂಡೆ."

"ಹಂಗಂದ್ರ ಏನವ್ವ?" ಮುಂದಿನ ಸಾಲಿನಿಂದ ಇಸ್ಮಾಯಿಲಸಾಬ ಎಂಬ ಮುದುಕ ರೈತ ಕೇಳಿದ. ಅವನ ಹೊಲ ಕಾಲುವೆಯ ಕಟ್ಟಕಡೆಗೆ.

"ಕಾಲುವಿ ತಂದೀವ್ರಿ ಚಾಚಾ, ನೀರು ಕೆಂಭಾವ್ಯಾಗೇ ಉಳದದ," ಎಂದಳು ರಾಬಿಯಾ.

"ಹೋಗ್ಲಿ ಬಿಡವ್ವ, ನಮ್ಮ ಹೊಲದಾಗ ದಿನಾ ಅದೇ ಹಕೀಕತ್ತು!" ಎಂದನಾತ. ಸಭೆ ಗೊಳ್ಳೆಂದು ನಕ್ಕಿತು. ಅಯ್ಯಣ್ಣನವರೊಬ್ಬರು ನಗಲಿಲ್ಲ.

ರಾಬಿಯಾ ಅಲ್ಲೇ ಹೊಸ ಡೇಟಾಬೇಸ್ ಮಾಡಿದಳು. ಭಾಗಮ್ಮ ಒಬ್ಬೊಬ್ಬರನ್ನೇ ಕೂಗಿ ಹೆಸರು, ಪಾಳಿ ಕೇಳುತ್ತ ಹೋದಳು. "ನಂದು ಮೊದ್ಲು ಹಾಕು ತಾಯಿ, ಕಡೆಯವರ ಹೆಸರು ಯಾವಾಗ್ಲೂ ಕಡೀಗೇ ಬರ್ತಾದ," ಎಂದ ಇಸ್ಮಾಯಿಲಸಾಬ. ಅವನದನ್ನೇ ಮೊದಲು ಹಾಕಿದರು. ಅವನ ಹೆಸರು ಕೊಟ್ಟಾಗ ಗೋಡೆಯ ಮೇಲೆ ಅವನ ಪಾಳಿ ಮೂಡಿತು. ಸಂಘದವರು ಪುಟವನ್ನು ಒಪ್ಪಿಕೊಂಡರು.

ಆದರೆ ಅಯ್ಯಣ್ಣನವರ ಪಾಲಿಗೆ ಮಾನ ಹೋಗಿಯೇ ಹೋಗಿತ್ತು. ಮರುದಿನ ಸಂಜೆ ಅವರು ಬಾಗಿಲಲ್ಲೇ ನಿಂತಿದ್ದರು.

"ತುಂಬಿದ ಸಭಾದಾಗ ನನ್ನ ಸುಳ್ಳ ಮಾಡಿದ್ರಿ. ಮಾಫಿ ಕೇಳ್ರಿ. ಇನ್ನು ಮ್ಯಾಲ ಎರರ್ ಓದ್ಸೂದು ಬಂದ್. ಹಂಗಾದ್ರ ಅಷ್ಟೇ ಕ್ಲಾಸು ಇರ್ತಾದ."

"ಪುಟ ಒಪ್ಪಿಗಿ ಆಯ್ತಲ್ರಿ."

"ಪುಟ ಆಯ್ತು. ನೀವು ಆಗ್ಲಿಲ್ಲ."

ಮೋನಮ್ಮ ಹೆಂಗಸರ ಕಡೆಗೆ ತಿರುಗಿದಳು. "ಜಾಗ ನಿಮ್ದು. ನಾ ಮಾಫಿ ಕೇಳೂದಿಲ್ಲ. ಇಲ್ಲೇ ಕಲೀತೀವಿ ಅಂದ್ರ ಬ್ಯಾರೆಯವರು ಕಲಸ್ತಾರ, ನನಗ ಸಿಟ್ಟಿಲ್ಲ."

ಭಾಗಮ್ಮ ಅಯ್ಯಣ್ಣನವರ ಮುಖವನ್ನು ನೇರವಾಗಿ ನೋಡಿದಳು. "ಸಾವಕಾರ್ರ, ಅಕ್ಕೋರು ಬರೂಕಿಂತ ಮೊದ್ಲು ನಮ್ಮಂಥವರು ಇಲ್ಲಿ ಕಸ ಹೊಡಿಯಾಕ ಅಷ್ಟೇ ಬರ್ತಿದ್ರು. ಇನ್ನು ಅದಕ್ಕೂ ಬರೂದಿಲ್ಲ."

ರಾಬಿಯಾಳ ಹೊಲಿಗೆ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಒಂದೇ ಒಂದು ಹಳೆಯ ಕಂಪ್ಯೂಟರಿನೆದುರು ಸಂಜೆಯ ತರಗತಿ ಮುಂದುವರಿಯಿತು. ಎರರ್ ಓದುವ ದನಿ ಅಲ್ಲಿಂದ ನೇರ ಬೀದಿಗೇ ಕೇಳುತ್ತದೆ.

ಕೆಂಭಾವಿಯ ಆ ಮಹಡಿಯಲ್ಲಿ ಮೋನಮ್ಮ ಬಿಟ್ಟುಹೋದವು ಇಷ್ಟು:

ಅವಳ ಹೆಸರಿನ ಕಂಪ್ಯೂಟರ್ ಕಲಿಕೆಯ ಪ್ರಮಾಣಪತ್ರ, ಗಾಜಿನ ಕಟ್ಟಿನೊಡನೆ. ಗೋಡೆಯಿಂದ ಇಳಿಸಲು ಅವಳು ಕೇಳಲಿಲ್ಲ.
ತಾನೇ ತಂದಿರಿಸಿದ್ದ ಕುಡಿಯುವ ನೀರಿನ ಮಣ್ಣಿನ ಗಡಿಗೆ, ಮುಚ್ಚಳ, ಒಂದು ಸ್ಟೀಲ್ ಲೋಟ.
ಬಾಗಿಲ ಹೊರಗಿನ ಹಲಗೆಯ ಮೇಲೆ "ಸಂಜೆ ತರಗತಿ, ಹೆಂಗಸರಿಗೆ" ಎಂಬ ಬರಹ. ಬಣ್ಣ ಬಳಿದರೂ ಅಡಿಯಿಂದ ಕಾಣುತ್ತದೆ.
ಅವಳಿಗೆ ಬರಬೇಕಿದ್ದ ಒಂದು ತಿಂಗಳ ಸಂಬಳ.
ಸಾಲಾಗಿ ಒಳಗೆ ಸರಿಸಿಟ್ಟ ಕುರ್ಚಿಗಳು.