ಮುದ್ದೆ ಬಿಟ್ಟ ಬಾನಾ ಸಂಪಾ

ಬಾನಾ ಸಂಪಾ ಅವರನ್ನು ನಾನು ಮೊದಲು ನೋಡಿದ್ದು ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ. ಕಸಾಮಾದ ರೈಲು ನಿಲ್ದಾಣದ ಹಿಂದಿರುವ ಆರೋಗ್ಯ ಕೇಂದ್ರದಲ್ಲಿ ಆಹಾರದ ಸಲಹೆ ಕೊಡುವ ಕೆಲಸಕ್ಕೆ ನಾನು ಸೇರಿ ಆಗ ಹತ್ತೊಂಬತ್ತು ದಿನವಾಗಿತ್ತು. ಹೊರಗಿನ ಬೆಂಚಿನ ಮೇಲೆ ಏಳು ಜನ ಕುಳಿತಿದ್ದರು. ಎಂಟನೆಯವರಾಗಿ ಇವರು ಬಂದರು. ಹಳದಿ ಚಿತೆಂಗೆ ಬಟ್ಟೆ ಸುತ್ತಿಕೊಂಡಿದ್ದರು, ಅದರ ತುಂಬ ಗಿನಿಕೋಳಿಗಳ ಚಿತ್ರ. ಬಲ ಮೊಣಕಾಲಿಗೆ ಅದೇ ಬಟ್ಟೆಯ ಚೂರೊಂದನ್ನು ಬಿಗಿಯಾಗಿ ಕಟ್ಟಿಕೊಂಡಿದ್ದರು. ಅವರು ಕೂತ ಕೂಡಲೇ ಬೆಂಚಿನ ಆ ತುದಿಯಲ್ಲಿದ್ದ ಹೆಂಗಸು ಎದ್ದು ನಿಂತಳು.

"ಯಾಕಮ್ಮಾ ಎದ್ದೆ?" ಅಂದರು ಇವರು.

"ನಾನೆಲ್ಲಿ ಎದ್ದೆ? ನೀವು ಕೂತ ಏಟಿಗೆ ಹಾರ್ಕೊಂಡು ಬಂದೆ," ಅಂದಳು ಅವಳು.

ಎಲ್ಲರಿಗಿಂತ ಜೋರಾಗಿ ನಕ್ಕವರು ಬಾನಾ ಸಂಪಾ ಅವರೇ. ನಗುವಾಗ ಒಂದು ಕೈ ಮೊಣಕಾಲಿನ ಮೇಲಿತ್ತು.

ಬಾನಾ ಅಂದರೆ ತಾಯಿ; ಹಿರಿಮಗ ಸಂಪಾನ ಹೆಸರಿನಿಂದಲೇ ಊರು ಅವರನ್ನು ಕರೆಯುತ್ತದೆ. ವಯಸ್ಸು ನಲವತ್ತಾರು. ಮದುಮಗಳಿಗೆ ಸಂಸಾರ ಕಲಿಸುವ ಹಿರಿಯ ಹೆಂಗಸರನ್ನು ನಾವು ನಚಿಂಬುಸ ಅನ್ನುತ್ತೇವೆ. ರೈಲ್ವೆ ಕಾಲೊನಿಯಲ್ಲಿ ಅಂಥವರು ಆರು ಜನ, ಅವರಲ್ಲಿ ಇವರೊಬ್ಬರು. ಗಂಡ ಬಾಶಿ ಸಂಪಾ, ಅಂದರೆ ಸಂಪಾನ ತಂದೆ, ಹಳಿ ರಿಪೇರಿ ಮಾಡಿ ನಿವೃತ್ತರಾದವರು.

ತೂಕದ ಯಂತ್ರ ಹತ್ತುವ ಮೊದಲು ಚಪ್ಪಲಿ ಬಿಟ್ಟರು. ಸೊಂಟದ ಬೀಗದಕೈ ಗೊಂಚಲನ್ನೂ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. "ಎಷ್ಟೂಂತ ಹೇಳ್ಬೇಡ ಮಗಳೇ, ಬರ್ಕೊಂಡ್ರೆ ಸಾಕು," ಅಂದರು. ನಾನು ಹೊಸಬಳು. ಓದಿಕೊಂಡು ಬಂದ ಕ್ರಮದಂತೆ "ತೊಂಬತ್ತೇಳು" ಎಂದು ಗಟ್ಟಿಯಾಗಿ ಹೇಳಿ ಬರೆದೆ. ರಕ್ತದೊತ್ತಡ ಜಾಸ್ತಿಯಿತ್ತು, ಮೊಣಕಾಲು ಊದಿತ್ತು. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ಮುದ್ದೆ ಬಿಡಿ. ಸೊಪ್ಪು, ಬೀನ್ಸ್ ಕಾಳು, ಮೀನು ತಿನ್ನಿ.

"ಮುದ್ದೆ ಬಿಟ್ರೆ ಏನ್ ಉಣ್ಣೋದು?" ಅಂದರು.

"ಉಳಿದಿದ್ದೆಲ್ಲಾ ಇದೆಯಲ್ಲಮ್ಮಾ."

ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು ಹೊರಟರು.

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನನಗೆ ಅದು ಅರ್ಥವಾಗಬೇಕಿತ್ತು, ಯಾಕೆಂದರೆ ನಾನೂ ಹಳ್ಳಿಯಲ್ಲಿ ಬೆಳೆದವಳೇ. ನಮ್ಮಲ್ಲಿ ಊಟ ಅಂದರೆ ಉಬ್ವಾಲಿ, ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಸೊಪ್ಪು, ಮೀನು, ಕೋಳಿ ಎಲ್ಲವೂ ಅದಕ್ಕೆ ನಂಚಿಕೆ. ಎರಡು ಬಟ್ಟಲು ಕಾಳು ತಿಂದವನೂ ಮುದ್ದೆ ಮುಟ್ಟದಿದ್ದರೆ ಇವತ್ತು ಊಟವಿಲ್ಲ ಅನ್ನುತ್ತಾನೆ. ಬರೀ ನಂಚಿಕೆ ತಿನ್ನುವವರು ಕಳ್ಳರು, ಇಲ್ಲವೇ ಅಮ್ಮನ ಕಣ್ಣು ತಪ್ಪಿಸಿದ ಮಕ್ಕಳು. ಚಿಕ್ಕವಳಿದ್ದಾಗ ಬರೀ ಮೀನಿನ ಚೂರಿಗೆ ಕೈ ಹಾಕಿದ್ದಕ್ಕೆ ನನ್ನ ಅಜ್ಜಿ ಸೌಟಿನಿಂದ ಬಾರಿಸಿದ್ದಳು. ಕಾಲೇಜಿನ ನಾಲ್ಕು ವರ್ಷದಲ್ಲಿ ನಾನು ಅದನ್ನೇ ಮರೆತಿದ್ದೆ.

ಹೀಗಾಗಿ ಬಾನಾ ಸಂಪಾ ಮುದ್ದೆ ಬಿಟ್ಟರು. ಅದರ ಜೊತೆಗೆ ನಂಚಿಕೆಯೂ ಹೋಯಿತು, ತಟ್ಟೆಯ ಸುತ್ತ ಕೂರುವುದೂ ಹೋಯಿತು. ನಿಂಬೆ ಹಿಂಡಿದ ನೀರು, ಸಕ್ಕರೆಯಿಲ್ಲದ ಚಹಾ, ಬೆಳಿಗ್ಗೆ ಒಂದು ಲೋಟ ತೆಳು ಗಂಜಿ, ಇಷ್ಟರಲ್ಲೇ ದಿನ ತಳ್ಳಿದರು. ಹಿಡಿದ ಕೆಲಸ ಅರ್ಧಕ್ಕೆ ಬಿಡುವವರಲ್ಲ. ಮೊದಲ ಮೂರು ವಾರ ಮೊಣಕಾಲು ಹಗುರಾಯಿತು, ಜನ ಹೊಗಳಿದರು. ಐದನೆಯ ವಾರದಲ್ಲಿ ಹೊಗಳಿಕೆ ನಿಂತಿತು. ಏಳನೆಯ ವಾರದಲ್ಲಿ ಮಾರುಕಟ್ಟೆಯ ಹೆಂಗಸರು ಅವರನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ನಮ್ಮಲ್ಲಿ ದಪ್ಪ ಹೆಂಗಸು ಇದ್ದಕ್ಕಿದ್ದಂತೆ ಇಳಿದರೆ ಎಲ್ಲರ ಮನಸ್ಸಿಗೂ ಬರುವುದು ಗಂಡುಹೆಣ್ಣಿನ ಸಂಗದಿಂದ ಹರಡುವ ಆ ಒಂದೇ ಕಾಯಿಲೆ, ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸುದ್ದಿ ಕೇಳಿ ಜೂನ್ ಕೊನೆಯಲ್ಲಿ ನಾನೇ ಅವರ ಮನೆ ಹುಡುಕಿಕೊಂಡು ಹೋದೆ. ಬಾಶಿ ಸಂಪಾ ಅಂಗಳದಲ್ಲಿ ಮುರುಕು ಕುರ್ಚಿಗೆ ಮೊಳೆ ಹೊಡೆಯುತ್ತಿದ್ದರು.

"ಚೀಟಿ ಬರೆದ ಡಾಕ್ಟ್ರಮ್ಮ ನೀನೇನಾ?" ಅಂದರು.

"ನಾನು ಡಾಕ್ಟರ್ ಅಲ್ಲ ಅಪ್ಪಾಜಿ."

"ಅದು ಗೊತ್ತಾಗ್ತಾ ಇದೆ. ಒಳಗೆ ಹೋಗು. ಅರ್ಧ ಹೆಂಡ್ತಿ ಇದಾಳೆ, ಇನ್ನರ್ಧ ಎಲ್ಲಿಟ್ಟಿದೀಯ ಅಂತ ನೀನೇ ಹೇಳ್ಬೇಕು."

ಒಳಗೆ ಬಾನಾ ಸಂಪಾ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ಕುತ್ತಿಗೆಯ ಚರ್ಮ ಜೋತುಬಿದ್ದಿತ್ತು. ಹಣೆಯ ಮೇಲಿನ ಕೂದಲು ಉದುರಿತ್ತು. ಪಕ್ಕದಲ್ಲಿ ಮುಚ್ಚಿಟ್ಟ ಒಂದು ಪುಟ್ಟ ತಟ್ಟೆಯಿತ್ತು.

"ನೋಡು, ನನಗೇ ಅಂತ ಬೇರೆ ತಟ್ಟೆ ಬಂದಿದೆ," ಅಂದರು. "ನಾದಿನಿ ತಂದಿಟ್ಟು ಹೋದ್ಲು. ಹಾಸಿಗೆ ಹಿಡಿದೋರಿಗೆ ಇಡೋ ತಟ್ಟೆ. ಇಷ್ಟು ವರ್ಷ ಒಂದೇ ತಟ್ಟೆಗೆ ಕೈ ಹಾಕಿದೋರು ನಾವು ಹೆಂಗಸರು."

"ತಿಂದ್ರಾ ಅಮ್ಮಾ?"

"ಬಾಯಿಗೆ ಹೋಗತ್ತೆ. ಗಂಟಲು ಬಾಗಿಲು ಹಾಕ್ಕೊಂಡಿದೆ."

ಅವತ್ತೇ ನನಗೆ ಎಲ್ಲವನ್ನೂ ಹೇಳಿದರು. ಮರುದಿನ ರಕ್ತ ಪರೀಕ್ಷೆ ಮಾಡಿಸಿದೆವು. ಕಾಯಿಲೆ ಇರಲಿಲ್ಲ. ಆ ಕಾಗದವನ್ನು ಅವರ ಕೈಗೆ ಕೊಟ್ಟಾಗ ನನಗೆ ಖುಷಿಯಾಗಿತ್ತು. ಅವರಿಗೆ ಆಗಲಿಲ್ಲ.

"ಇದನ್ನ ಏನ್ಮಾಡ್ಲಿ? ಹಣೆಗೆ ಅಂಟಿಸ್ಕೊಂಡು ಸಂತೆಗೆ ಹೋಗ್ಲಾ? ಅವರು ಓದೋದು ನನ್ನ ತೋಳನ್ನ, ಕಾಗದಾನಲ್ಲ."

ಅವರಿಗೆ ಅವಸರವಿತ್ತು. ಅಣ್ಣನ ಮಗಳು ಚಿಶಾಲಳ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಹುಡುಗಿಯನ್ನು ಎದೆಗೆ ಹಾಕಿಕೊಂಡು ಬೆಳೆಸಿದ್ದು ಈ ಅತ್ತೆ. ಆಗಸ್ಟ್ ಎರಡನೆಯ ಶನಿವಾರ ಅವಳ ಮದುವೆಯ 'ಬೆಂಕಿ ತೋರಿಸುವ' ದಿನ. ಹೆಣ್ಣಿನ ಕಡೆಯವರು ಬಗೆಬಗೆಯ ಅಡುಗೆ ಹೊತ್ತು ಗಂಡಿನ ಮನೆಗೆ ಹೋಗುತ್ತಾರೆ. ಒಂದೊಂದೇ ಮಡಕೆಯ ಮುಚ್ಚಳ ತೆಗೆದು, ನಚಿಂಬುಸ ಮೊದಲು ತಾನು ತುತ್ತು ಉಂಡು, ಆಮೇಲೆ ಗಂಡಿಗೆ ಉಣಿಸಬೇಕು. ಅವಳು ಉಣ್ಣದ ಮಡಕೆಯನ್ನು ಆ ಮನೆಯವರು ಮುಟ್ಟುವುದಿಲ್ಲ. ಚಿಶಾಲಳ ಮಡಕೆಗಳಿಗೆ ತುತ್ತು ಉಣ್ಣಬೇಕಾದವರು ಬಾನಾ ಸಂಪಾ. ಹುಡುಗಿ ಹುಟ್ಟಿದ ದಿನದಿಂದ ಅವರು ಎಣಿಸಿಕೊಂಡಿದ್ದ ಕೆಲಸ ಅದೊಂದೇ.

ಆರು ವಾರವಿತ್ತು. ನಾನು ಹೊಸ ಕ್ರಮ ಹೇಳಿದೆ, ಈ ಸಲ ಬರೆಯದೆ. ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಕಡಲೆಕಾಯಿ ಅರೆದು ಬೆರೆಸಿದ ಗಂಜಿ, ಮೆತ್ತಗೆ ಬೇಯಿಸಿದ ಕಾಳು, ಕೋಳಿಮೊಟ್ಟೆ ಗಾತ್ರದ ಮುದ್ದೆ. ಹೊಟ್ಟೆ ತುಂಬಿಸುವ ಆತುರ ಬೇಡ. ಅವರು ತಲೆಯಾಡಿಸಿದರು. ಆದರೆ ಒಬ್ಬರೇ ಕೂತು ಆ ಪುಟ್ಟ ತಟ್ಟೆಯ ಮುಚ್ಚಳ ತೆಗೆಯಲು ಅವರಿಂದ ಆಗಲಿಲ್ಲ. ಎರಡು ದಿನ ಗಂಜಿ ಕುಡಿದರೆ ಮೂರನೆಯ ದಿನ ಏನೂ ಇಲ್ಲ. ಒಮ್ಮೆ ಕಡಲೆಕಾಯಿ ಡಬ್ಬಿಯನ್ನು ಬಳಿದು ತಿಂದು, ಆಮೇಲೆ ಎರಡು ದಿನ ನಾಚಿಕೆಯಿಂದ ನೀರು ಮಾತ್ರ ಕುಡಿದರು.

ಜುಲೈ ನಡುವೆ ನೆರೆಯಲ್ಲಿ ಒಂದು ಸಾವಾಯಿತು. ಸಾವಿನ ಮನೆಯ ಊಟಕ್ಕೆ ಇಡೀ ಕಾಲೊನಿ ಸೇರುತ್ತದೆ. ಎಲ್ಲರ ಬಾಯಿ ಅಲ್ಲೇ ಮುಚ್ಚಿಸುತ್ತೇನೆ ಎಂದು ಬಾನಾ ಸಂಪಾ ಹೊರಟರು, ನಾನೂ ಜೊತೆಗೆ ಹೋದೆ. ಹೆಂಗಸರ ದೊಡ್ಡ ತಟ್ಟೆಯ ಪಕ್ಕ ಯಾರೂ ಕರೆಯದೆ ಹೋಗಿ ಕೂತು, ಕೈ ತೊಳೆದು, ಗಂಡಸರು ಮುರಿಯುವ ಹಾಗೆ ಮುದ್ದೆ ಮುರಿದು, ಎಲೆಕೋಸಿನಲ್ಲಿ ಅದ್ದಿ ಅದ್ದಿ ನುಂಗಿದರು.

"ಅಬ್ಬಾ, ನಿಧಾನ! ಹೆಣಕ್ಕೂ ಸ್ವಲ್ಪ ಬಿಡಿ," ಅಂದಳು ಒಬ್ಬಳು.

"ಕಾಯಿಲೆಯೋರು ಹಿಂಗೆ ಉಣ್ತಾರಾ, ಹೇಳು?" ಎಂದು ಇವರು ಎಲ್ಲರ ಮುಖ ನೋಡಿದರು.

ಹತ್ತು ನಿಮಿಷದಲ್ಲಿ ಎದ್ದು ಬಾಳೆಗಿಡಗಳ ಹಿಂದೆ ಓಡಿದರು. ನಾನು ಹೋಗಿ ಹಣೆ ಹಿಡಿದುಕೊಂಡೆ. ಉಂಡದ್ದೆಲ್ಲ ಹೊರಗೆ ಬಂತು. ತಿರುಗಿ ನೋಡಿದರೆ ನೀರು ತರಲು ಬಂದಿದ್ದ ಇಬ್ಬರು ಬಿಂದಿಗೆ ಹಿಡಿದು ನಿಂತಿದ್ದರು. ಸಂಜೆಯೊಳಗೆ ಕಾಲೊನಿಗೆಲ್ಲ ಗೊತ್ತಾಯಿತು. ಆಮೇಲೆ ಚರ್ಚಿನ ಹೆಂಗಸರು ಅವರಿಗಾಗಿ ಪ್ರಾರ್ಥನೆ ಇಟ್ಟುಕೊಂಡರು. ಅದಕ್ಕಿಂತ ದೊಡ್ಡ ಏಟು ಅವರಿಗೆ ಬಿದ್ದಿರಲಿಲ್ಲ.

"ನಾನು ಸತ್ತಿಲ್ಲ ಅಂತ ಯಾರಿಗೆ ಹೇಳ್ಲಿ ಮಗಳೇ," ಎಂದು ನನ್ನ ಕೈ ಹಿಡಿದುಕೊಂಡರು. ಬೆರಳು ಐಸಿನ ಹಾಗಿತ್ತು. "ತುಂಬಿದ ಚೀಲ ಹಿಟ್ಟು ಮನೇಲಿಟ್ಕೊಂಡು ನಾನಾಗೇ ಹಸಿದೆ ಅಂದ್ರೆ ಯಾರು ನಂಬ್ತಾರೆ? ಕಾಯಿಲೆ ಅನ್ನೋದೇ ವಾಸಿ."

ಆಗಸ್ಟ್ ಮೊದಲ ವಾರ ನಾನು ನಚಿಂಬುಸರ ಹಿರಿಯರಾದ ಬಾನಾ ಕಪೆಂಬ್ವಾ ಅವರಲ್ಲಿಗೆ ಹೋಗಿ, ತಪ್ಪು ನನ್ನ ಚೀಟಿಯದು ಎಂದು ಹೇಳಿದೆ. ಅವರು ಕಡಲೆಕಾಯಿ ಬಿಡಿಸುತ್ತಾ ಕೇಳಿಸಿಕೊಂಡರು.

"ನೀನು ಹೇಳೋದು ನಿಜಾನೇ ಇರ್ಬೋದು ಮಗಾ. ಆದ್ರೆ ಗಂಡಿನ ಮನೆಯೋರಿಗೆ ನಿನ್ನ ಮಾತು ಯಾರು ಹೇಳ್ತಾರೆ? ಅವರು ನೋಡೋದು ಮಡಕೆ ಮುಂದೆ ಕೂತಿರೋಳನ್ನ. ಅವಳು ಹಿಂದಿನ ದಿನ ನಮ್ಮೆಲ್ಲರ ಮುಂದೆ ಐದು ತುತ್ತು ಉಂಡು ತೋರಿಸ್ಲಿ. ಉಂಡ್ರೆ ಅವಳೇ ಹೋಗ್ಲಿ."

ಉಳಿದಿದ್ದು ಒಂಬತ್ತು ದಿನ. ಆ ಒಂಬತ್ತು ದಿನ ಅವರು ಪಟ್ಟ ಪಾಡು ನಾನು ಕಂಡೆ. ಬೆಳಿಗ್ಗೆ ತಟ್ಟೆಯ ಮುಂದೆ ಕೂತರೆ ಮಧ್ಯಾಹ್ನದವರೆಗೂ ಕೂತಿರುವರು. ಒಂದು ತುತ್ತು ಕಟ್ಟುವರು, ಅದು ಆರುವವರೆಗೆ ಹಿಡಿದಿರುವರು, ಬಿಡುವರು. ಎರಡು ತುತ್ತು ಇಳಿದ ದಿನ ಚಿಕ್ಕ ಹುಡುಗಿಯ ಹಾಗೆ ಬೆರಳು ಎತ್ತಿ ತೋರಿಸಿದರು. ಮರುದಿನ ಒಂದೂ ಇಲ್ಲ.

ಶುಕ್ರವಾರ ಆರು ಹೆಂಗಸರು ಚಿಶಾಲಳ ಅಪ್ಪನ ಮನೆಯ ಅಡುಗೆಕೋಣೆಯಲ್ಲಿ ಸೇರಿದರು. ನಡುವೆ ತಟ್ಟೆ, ಬಿಸಿ ಮುದ್ದೆ, ಕಡಲೆಕಾಯಿ ಹಾಕಿದ ಕುಂಬಳದ ಸೊಪ್ಪು. ಮೊದಲ ತುತ್ತು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಇಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಬೆವರು ಇಳಿಯಿತು, ಕೆನ್ನೆಯಲ್ಲಿ ತುತ್ತು ಹಾಗೇ ಉಳಿಯಿತು. ಕೊನೆಗೆ ಅವರೇ ಅದನ್ನು ಅಂಗೈಗೆ ತೆಗೆದುಕೊಂಡು, ಇನ್ನೊಬ್ಬ ನಚಿಂಬುಸಳ ಕಡೆ ತಿರುಗಿದರು.

"ನೀನು ಹೋಗು ತಂಗೀ. ಮೀನಿನ ಮಡಕೆಗೆ ಉಪ್ಪು ಸ್ವಲ್ಪ ಜಾಸ್ತಿ ಬಿದ್ದಿರತ್ತೆ, ಮುಖ ಹುಳಿ ಮಾಡ್ಬೇಡ. ಹುಡುಗಿ ಮಾಡಿದ್ದು."

ಶನಿವಾರ ಮೆರವಣಿಗೆ ಮಡಕೆ ಹೊತ್ತು, ಡೋಲು ಬಡಿಯುತ್ತಾ ಅವರ ಮನೆಯ ಮುಂದೆಯೇ ಹೋಯಿತು. ಅವರು ಹೊಸ್ತಿಲಲ್ಲಿ ಕೂತು ನೋಡಿದರು. ನಾನು ಪಕ್ಕದಲ್ಲಿದ್ದೆ. ಅವರು ಅಳಲಿಲ್ಲ. "ಒಂಬತ್ತು ಮಡಕೆ," ಅಂದರು, ಅಷ್ಟೇ.

ಬಾಶಿ ಸಂಪಾ ಗಂಡಸರ ಜೊತೆ ಔತಣಕ್ಕೆ ಹೋಗಬೇಕಿತ್ತು. ಕೋಟು ಹಾಕಿಕೊಂಡು ರಸ್ತೆಯವರೆಗೆ ಹೋದವರು ವಾಪಸು ಬಂದರು. ಒಳಗೆ ಹೋಗಿ ತಾವೇ ಒಲೆ ಹೊತ್ತಿಸಿ, ಗಂಟುಗಂಟಾದ ಮುದ್ದೆ ಕೂಡಿಸಿ, ಒಂದೇ ತಟ್ಟೆಗೆ ಹಾಕಿಕೊಂಡು ಬಂದು ಅಂಗಳದ ನಡುವೆ, ರಸ್ತೆಗೆ ಕಾಣುವ ಹಾಗೆ ಇಟ್ಟರು. ನಮ್ಮಲ್ಲಿ ಗಂಡಸರ ತಟ್ಟೆ ಬೇರೆ, ಹೆಂಗಸರ ತಟ್ಟೆ ಬೇರೆ. ಅರವತ್ತರ ಗಂಡಸು ಹೆಂಡತಿಯ ತಟ್ಟೆಗೆ ಹಾಡಹಗಲೇ ಕೈ ಹಾಕಿದ್ದನ್ನು ನಾನು ನೋಡಿರಲಿಲ್ಲ.

"ಬಾ, ಕೂತ್ಕೋ," ಅಂದರು.

"ನಿಮಗೆ ಮರ್ಯಾದೆ ಬೇಡ್ವಾ? ಎದ್ದು ಹೋಗಿ."

"ಮರ್ಯಾದೆ ಆಮೇಲೆ ನೋಡೋಣ. ನಾನೊಂದು ತುತ್ತು, ನೀನೊಂದು. ನೀನು ನುಂಗೋವರೆಗೂ ನಾನೂ ಮುಟ್ಟಲ್ಲ. ನಂಗೆ ಹಸಿವಾಗಿದೆ, ಅದು ನೆನಪಿರ್ಲಿ."

ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ಕೂಗಿದ: "ಏನ್ ಮಾವಾ, ಅತ್ತೆ ಮದ್ದು ಹಾಕಿದ್ರಾ?"

"ಹಾಕಿದಾಳೆ! ನಿನ್ನ ಹೆಂಡ್ತೀಗೂ ಒಂಚೂರು ಕಳಿಸ್ಲಾ?"

ಬಾನಾ ಸಂಪಾ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದರು. "ಇದು ಮುದ್ದೆನಾ? ಹಳಿ ಕೆಳಗಿನ ಜಲ್ಲಿ," ಅಂದರು. ಅಂದು ಅವರು ಉಂಡದ್ದು ಮೂರು ತುತ್ತು. ಅದಕ್ಕೆ ಒಂದು ಗಂಟೆ ಹಿಡಿಯಿತು. ಮೂರೂ ಒಳಗೇ ಉಳಿದವು. ಬಾಶಿ ಸಂಪಾ ಕೂಡ ಮೂರೇ ತುತ್ತು ಉಂಡು ಎದ್ದರು.

ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ. ಕಾಲೊನಿಯ ಗಂಡಸರು ಮುದುಕನನ್ನು ತಿಂಗಳುಗಟ್ಟಲೆ ಆಡಿಕೊಂಡರು. ಮಧ್ಯೆ ಎಷ್ಟೋ ದಿನ ತುತ್ತು ಹಿಂದಕ್ಕೆ ಬಂದದ್ದೂ ಇದೆ. ಒಂದು ವಾರವಿಡೀ ಅವರು ತಟ್ಟೆಗೆ ಬೆನ್ನು ಹಾಕಿ ಕೂತಿದ್ದರು, ಬಾಶಿ ಸಂಪಾ ಆರಿದ ಮುದ್ದೆಯ ಮುಂದೆ ಹಸಿದು ಕೂತಿದ್ದರು.

ಇದಾಗಿ ಒಂದೂವರೆ ವರ್ಷವಾಯಿತು. ಬಾನಾ ಸಂಪಾ ಈಗ ದಿನಕ್ಕೆ ಮೂರು ಹೊತ್ತು ಉಣ್ಣುತ್ತಾರೆ, ಪ್ರತಿ ಹೊತ್ತೂ ಗಂಡನ ಜೊತೆ. ಮಡಕೆಗೆ ತುತ್ತು ಉಣ್ಣುವ ಕೆಲಸಕ್ಕೆ ಅವರನ್ನು ಇನ್ನೂ ಯಾರೂ ಕರೆದಿಲ್ಲ. ವಾರಕ್ಕೆ ಎರಡು ದಿನ ಮದುಮಗಳಾಗುವ ಹುಡುಗಿಯರಿಗೆ ಅಡುಗೆ ಕಲಿಸುತ್ತಾರೆ, ಉಳಿದ ದಿನ ನಿಲ್ದಾಣದ ಗೇಟಿನ ಬಳಿ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ.