ಪಿಯುಸಿಗೆ ಸಮವಲ್ಲದ ಎರಡು ವರ್ಷ

ಕುರ್ಡಿಯ ಕುರಿಗಾರ ಜಂಬಣ್ಣನ ಮಗಳು ಯಂಕಮ್ಮ ೧೯೮೧ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಆ ಮನೆತನದಲ್ಲಿ ಅಷ್ಟು ಓದಿದವರು ಅವಳೇ ಮೊದಲು. ಪಿಯುಸಿ ವಿಜ್ಞಾನ ಓದಲು ರಾಯಚೂರಿಗೆ ಹೋಗಬೇಕಿತ್ತು. ಅಲ್ಲಿ ಉಳಿದುಕೊಳ್ಳಲು ಗುರುತಿನವರು ಯಾರೂ ಇರಲಿಲ್ಲ. ಮಾನ್ವಿಯ ಒಂದು ಕಾಲೇಜಿಗೆ ಆಗ ಜೆ.ಓ.ಸಿ. ಎಂಬ ಹೊಸ ಕೋರ್ಸು ಬಂದಿತ್ತು. ಹತ್ತನೆಯದಾದ ಮೇಲೆ ಎರಡು ವರ್ಷ ಒಂದು ಕೆಲಸ ಕಲಿಸಿ ಸರ್ಟಿಫಿಕೇಟ್ ಕೊಡುತ್ತಿದ್ದರು.

"ಪಿಯುಸಿನೂ ಎರಡು ವರ್ಷ, ಇದೂ ಎರಡು ವರ್ಷ," ಎಂದರು ಅಲ್ಲಿನ ಮೇಷ್ಟ್ರು ಮಹಾಂತಯ್ಯ. "ಅದ್ರಾಗ ಬರೀ ಪುಸ್ತಕ. ಇದ್ರಾಗ ರಕ್ತ ಪರೀಕ್ಷೆ ಮಾಡೋದು ಕಲೀತಾಳ. ದವಾಖಾನಿ ಕೆಲ್ಸ ತಾನಾಗೇ ಬರ್ತದ, ಜಂಬಣ್ಣ."

ಅವರು ಸುಳ್ಳು ಹೇಳಲಿಲ್ಲ. ಅವರಿಗೂ ಮೇಲಿನವರು ಹಾಗೆಯೇ ಹೇಳಿದ್ದರು.

ಎರಡು ವರ್ಷ ಯಂಕಮ್ಮ ದಿನಾ ಬಸ್ಸಿನಲ್ಲಿ ಓಡಾಡಿದಳು. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ, ದೇವದುರ್ಗದ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ದಿನಗೂಲಿಯ ಮೇಲೆ ಸೇರಿದಳು. ದುಡಿಯಲು ಊರು ಬಿಟ್ಟು ಹೋದವರು ಮಲೇರಿಯಾ ಹೊತ್ತುಕೊಂಡು ತಿರುಗಿ ಬರುತ್ತಿದ್ದ ಕಾಲವದು. ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತದ ಹನಿ ಸವರಿ, ಬಣ್ಣ ಹಾಕಿ ಒಣಗಿಸಿ, ಕಿಟಕಿಯ ಬೆಳಕಿಗೆ ಸೂಕ್ಷ್ಮದರ್ಶಕ ತಿರುಗಿಸಿಕೊಂಡು ಕೂತರೆ ಅವಳಿಗೆ ಊಟದ ನೆನಪೂ ಆಗುತ್ತಿರಲಿಲ್ಲ. ರಕ್ತಕಣದೊಳಗೆ ಹರಳುಂಗುರದ ಹಾಗೆ ಕೂತಿರುತ್ತಿದ್ದ ಆ ರೋಗದ ಹುಳುವನ್ನು ಅವಳು ಒಂದು ದಿನವೂ ಗುರುತಿಸದೆ ಬಿಟ್ಟವಳಲ್ಲ. ಡಾಕ್ಟರು ಅವಳ ಚೀಟಿ ನೋಡಿಯೇ ಔಷಧ ಬರೆಯುತ್ತಿದ್ದರು.

೧೯೮೫ರಲ್ಲಿ ಅದೇ ಕೆಲಸಕ್ಕೆ ಕಾಯಂ ಹುದ್ದೆಗಳನ್ನು ಕರೆದರು. ಯಂಕಮ್ಮ ತಂದೆಯನ್ನು ಕರೆದುಕೊಂಡು ರಾಯಚೂರಿನ ಆರೋಗ್ಯ ಇಲಾಖೆಯ ಕಚೇರಿಗೆ ಹೋದಳು. ಅರ್ಜಿ ತೆಗೆದುಕೊಳ್ಳುತ್ತಿದ್ದ ಗುಮಾಸ್ತ ಮಹಮ್ಮದ್ ಹುಸೇನ್ ಅವಳ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿದ. ಆಮೇಲೆ ವಿದ್ಯಾರ್ಹತೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದ.

"ಪಿಯುಸಿ ಸೈನ್ಸ್ ಅದ, ಡಿಪ್ಲೊಮಾ ಅದ. ನಿಂದು ಎಲ್ಲೂ ಇಲ್ಲವ್ವಾ."

"ನಾ ದಿನಾ ಅದೇ ಕೆಲ್ಸ ಮಾಡಾಕತ್ತೀನ್ರಿ."

"ಮಾಡೋದು ಬ್ಯಾರೆ ಮಾತು. ಇಲ್ಲಿ ಬರದಿದ್ದು ನೋಡ್ತಾರ."

ಹಿಂದೆ ನಿಂತಿದ್ದ ಜಂಬಣ್ಣ ಕೇಳಿದ, "ಸಾಹೇಬ್ರ, ಹಂಗಾದ್ರ ಈಕಿ ಎರಡು ವರ್ಷ ಓದಿದ್ದು ಎಲ್ಲಿ ಹೋತ್ರಿ?"

ಮಹಮ್ಮದ್ ಹುಸೇನ್ ಕೆಟ್ಟವನಲ್ಲ. ಅವನು ಪಕ್ಕದ ಕಟ್ಟಿನಿಂದ ಬೇರೊಂದು ಫಾರಂ ಎಳೆದ. "ಅಟೆಂಡರ್ ಜಾಗಾ ಒಂದು ಖಾಲಿ ಅದ. ಹತ್ತನೇತ್ತಿ ಪಾಸ್ ಅಂತ ಅಷ್ಟೇ ಬರಿ. ಗಾಜು ತೊಳಿಯೋದು, ಕಸ ಹೊಡಿಯೋದು. ಆದ್ರ ಕಾಯಂ ನೌಕರಿ. ಸಿಕ್ಕರೂ ಸಿಗಬಹುದು."

ಯಂಕಮ್ಮ ಅವನ ಮುಂದಿದ್ದ ಸರ್ಟಿಫಿಕೇಟನ್ನು ಎತ್ತಿಕೊಂಡಳು. "ಇದು ಪಿಯುಸಿಗೆ ಸಮ ಅಂತ ಬೋರ್ಡಿನಿಂದ ಬರಿಸ್ಕೊಂಡು ಬರ್ತೀನ್ರಿ," ಎಂದಳು. ಫಾರಂ ಮುಟ್ಟಲಿಲ್ಲ.

ಅವಳು ಬೆಂಗಳೂರಿನ ಬೋರ್ಡಿಗೆ ಮೂರು ಕಾಗದ ಬರೆದಳು. ಡಿಗ್ರಿಗೆ ಸೇರಿಕೊಳ್ಳೋಣವೆಂದು ರಾಯಚೂರಿನ ಒಂದು ಕಾಲೇಜಿಗೆ ಹೋದರೆ, ಅಲ್ಲಿಯೂ ಪಿಯುಸಿ ಅಲ್ಲವೆಂದು ಹೊರಗಿನಿಂದಲೇ ಕಳಿಸಿದರು. ಮಹಾಂತಯ್ಯನವರ ಹತ್ತಿರ ಹೋದರೆ ಅವರು ಸರ್ಟಿಫಿಕೇಟನ್ನು ಮಡಿಸಿ ಅವಳ ಕೈಗೆ ತಿರುಗಿ ಕೊಟ್ಟರು. "ನನ್ನ ತಮ್ಮನ ಮಗನ್ನೂ ಅದೇ ಕೋರ್ಸಿಗೆ ಹಚ್ಚೀನವ್ವಾ," ಎಂದರು.

ಅಷ್ಟರಲ್ಲಿ ಆರೋಗ್ಯ ಕೇಂದ್ರಕ್ಕೆ ಕಾಯಂ ಮನುಷ್ಯ ಬಂದ. ಡಾಕ್ಟರು ಮುಖ ತಗ್ಗಿಸಿಕೊಂಡೇ ನಾಳೆಯಿಂದ ಬರಬೇಡವೆಂದರು. ಅವಳು ಬಸ್ಸು ಹಿಡಿದು ನೇರ ಮಹಮ್ಮದ್ ಹುಸೇನನ ಬಳಿಗೆ ಹೋಗಿ ಕೇಳಿದಳು, "ಆ ಅಟೆಂಡರ್ ಜಾಗಾ ಅದ ಏನ್ರೀ?"

"ಅದು ತುಂಬಿ ಆರು ತಿಂಗಳಾತವ್ವಾ."

ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ಯಂಕಮ್ಮ ಅತ್ತಳು. ಸರ್ಟಿಫಿಕೇಟು ತನ್ನನ್ನು ಹಾಳು ಮಾಡಿತೋ, ತನ್ನ ಹಟವೇ ಹಾಳು ಮಾಡಿತೋ ಅವಳಿಗೆ ತಿಳಿಯಲಿಲ್ಲ. ಜನ ಅವಳನ್ನು ದಾಟಿಕೊಂಡು ಹತ್ತಿ ಇಳಿಯುತ್ತಿದ್ದರು.

ಬೆಂಗಳೂರಿನಿಂದ ಉತ್ತರ ಬಂದದ್ದು ಮೊದಲ ಕಾಗದ ಬರೆದ ಹದಿನಾಲ್ಕು ತಿಂಗಳ ಮೇಲೆ. ಎರಡೇ ಸಾಲು: ಸದರಿ ಕೋರ್ಸನ್ನು ಪಿಯುಸಿಗೆ ತತ್ಸಮಾನವೆಂದು ಪರಿಗಣಿಸಲು ಸದ್ಯಕ್ಕೆ ಅವಕಾಶವಿರುವುದಿಲ್ಲ.

"ಏನಂತ ಬರದಾರವ್ವಾ?" ಎಂದ ಜಂಬಣ್ಣ.

"ಇಲ್ಲಂತ ಯಪ್ಪಾ."

ಅವನು ಕುರಿ ಹೊಡೆದುಕೊಂಡು ಹೋದ. ಮರುದಿನದಿಂದ ಅವಳು ತಾಯಿ ಮಾರೆಮ್ಮನ ಜೊತೆ ಕಳೆ ತೆಗೆಯಲು ಹೋಗತೊಡಗಿದಳು.

ಮುಂದಿನ ವರ್ಷ ಅವಳನ್ನು ಕಲ್ಮಲದ ಪರಮಣ್ಣನಿಗೆ ಕೊಟ್ಟರು. ಎಷ್ಟು ಓದಿದ್ದೀ ಎಂದು ಅತ್ತೆ ಕೇಳಿದಾಗ ಯಂಕಮ್ಮ ಹತ್ತನೇತ್ತಿ ಎಂದಷ್ಟೇ ಹೇಳಿದಳು. ಉಳಿದದ್ದನ್ನು ಹೇಳಹೊರಟರೆ ಅದು ಏನೆಂದು ಹೇಳಬೇಕು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗಂಡನಿಗೆ ಚಳಿಜ್ವರ ಬಂದಾಗಲೂ ಅವಳು ತಾನು ಕಲಿತದ್ದರ ಮಾತೆತ್ತದೆ ಕಂಬಳಿ ಹೊದಿಸಿ, ರಾಯಚೂರಿನ ದವಾಖಾನೆಗೆ ಕರೆದುಕೊಂಡು ಹೋಗಿ, ಎಲ್ಲರ ಹಾಗೆ ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಂತಳು.